ಬೀಗರನ್ನು ಕೈಬಿಟ್ಟ ಅಪೀಲು

ನಾನು ದಿವಾಳಿಯೆಂದು ಉದಕಮಂಡಲದ ಕೋರ್ಟು ಘೋಷಿಸಿದ ಹೊತ್ತಿನಲ್ಲಿ ನಾನು ನನ್ನ ಕೊಡೆಯನ್ನು ಹುಡುಕುತ್ತಿದ್ದೆ. ಬೆಂಚಿನ ಕೆಳಗೆ ಇಟ್ಟಿದ್ದೆ, ಯಾರೋ ಕಾಲಿನಿಂದ ಆಚೆಗೆ ತಳ್ಳಿದ್ದರು. ಬಗ್ಗಿ ಅದನ್ನು ಎಳೆದುಕೊಂಡು ತಲೆ ಎತ್ತುವಷ್ಟರಲ್ಲಿ ಮುಂದಿನ ಕೇಸು ಕೂಗಿಯಾಗಿತ್ತು. ನನ್ನ ವಕೀಲರು ಪಕ್ಕಕ್ಕೆ ಬಂದು, "ಆಯಿತು" ಎಂದರು.

"ಏನಾಯಿತು?"

"ನೀವು ಆದಿರಿ."

ಸರ್ಕಾರದ ಮುದ್ರೆಯೊಡನೆ ಮನುಷ್ಯನಿಗೆ ಒಂದು ಪದವಿ ಪ್ರಾಪ್ತವಾಗುವಾಗ ಮೈಗೆ ಏನಾದರೂ ತಿಳಿಯಬೇಕು ಎಂದು ನಾನು ಎಣಿಸಿದ್ದೆ. ಏನೂ ತಿಳಿಯಲಿಲ್ಲ. ಹೊರಗೆ ಮಂಜು ಜಿನುಗುತ್ತಿತ್ತು. ಕೊಡೆ ಬಿಚ್ಚಿಕೊಂಡು ಮನೆಗೆ ಹೋದೆ.

ನಮ್ಮದು ಗುಂಡ್ಲುಪೇಟೆ ಕಡೆಯಿಂದ ಬಂದು ಬೆಟ್ಟದ ಮೇಲೆ ನೆಲೆ ನಿಂತ ವ್ಯಾಪಾರದ ಮನೆ. ಮೈಸೂರು ಸೀಮೆಯ ರಾಗಿ, ಬೆಲ್ಲ, ತುಪ್ಪಗಳನ್ನು ಎತ್ತಿನ ಗಾಡಿಯಲ್ಲಿ ಹೇರಿ, ಮಸಿನಗುಡಿ ದಾಟಿ, ಸೀಗೂರು ಘಟ್ಟ ಹತ್ತಿಸಿ ಉದಕಮಂಡಲದ ಪೇಟೆಯಲ್ಲಿ ಮಾರುವುದು. ಇಲ್ಲಿಯ ಆಲೂಗೆಡ್ಡೆಯನ್ನು ಅದೇ ಗಾಡಿಯಲ್ಲಿ ಇಳಿಸಿ ಆಚೆ ಮಾರುವುದು. ಎತ್ತುಗಳಿಗೆ ದಾರಿ ಗೊತ್ತಿತ್ತು. ಗಾಡಿಯವನು ನಿದ್ದೆ ಹೋದರೂ ವ್ಯಾಪಾರ ಎಚ್ಚರವಾಗಿರುತ್ತಿತ್ತು. ಆಮೇಲೆ ಲಾರಿಗಳು ಘಟ್ಟ ಹತ್ತಲು ಕಲಿತವು. ಕಾಲಕ್ಕೆ ತಕ್ಕಂತೆ ನಡೆಯಬೇಕೆಂದು ನಾನೂ ಸಾಲದ ಮೇಲೆ ಒಂದು ಲಾರಿ ತಂದೆ. ಅದು ಘಟ್ಟ ಹತ್ತುವುದನ್ನು ಚೆನ್ನಾಗಿಯೇ ಕಲಿತಿತ್ತು, ಇಳಿಯುವುದನ್ನು ಕಲಿಯಲಿಲ್ಲ. ಕಲ್ಲಟ್ಟಿಯ ತಿರುವಿನಲ್ಲಿ ಆಲೂಗೆಡ್ಡೆ ಸಮೇತ ಕೆಳಗೆ ಹೋಯಿತು. ಡ್ರೈವರು ಅದಕ್ಕೆ ಮುಂಚೆಯೇ ಹಾರಿಕೊಂಡಿದ್ದ. ಆ ವರ್ಷ ನಮ್ಮ ವ್ಯಾಪಾರದಲ್ಲಿ ಸಮಯಕ್ಕೆ ಸರಿಯಾಗಿ ಬುದ್ಧಿ ಓಡಿಸಿದವನು ಅವನೊಬ್ಬನೇ.

ಕೆಳಗೆ ಚೆಲ್ಲಿದ ಆಲೂಗೆಡ್ಡೆಯನ್ನು ಕಾಯಲು ನಾನು ಕೆಲವು ದಿನ ಅಲ್ಲಿಯೇ ಒಂದು ಗುಡಿಸಲಿನಲ್ಲಿ ಕುಳಿತೆ. ಕಾಡುಹಂದಿಗಳಿಗೂ ಕೋತಿಗಳಿಗೂ ನನಗೂ ವಿವಾದ ನಡೆಯುತ್ತಿದ್ದ ಆ ದಿನಗಳಲ್ಲಿ ಮೇಲೆ ಪೇಟೆಯಲ್ಲಿ ನನ್ನ ಮೇಲೆ ದಿವಾಳಿ ಅರ್ಜಿ ಬಿತ್ತು. ಸಾಲ ಕೊಟ್ಟವರಿಗೆ ಮುಖ ತಪ್ಪಿಸಲು ನಾನು ಮನೆ ಬಿಟ್ಟು ಓಡಿಹೋಗಿದ್ದೇನೆ ಎಂಬುದು ಅದರ ಸಾರಾಂಶ. ಕಾನೂನಿನ ಪ್ರಕಾರ ಸಾಲಗಾರನು ಹಾಗೆ ಓಡಿಹೋದರೆ ಅವನನ್ನು ದಿವಾಳಿಯೆಂದು ಸಾರಬಹುದು. ಆಲೂಗೆಡ್ಡೆ ಕಾಯಲು ಹೋದವನ ವಿಚಾರ ಕಾನೂನಿನಲ್ಲಿ ಪ್ರತ್ಯೇಕವಾಗಿ ಬರೆದಿರಲಿಲ್ಲ.

ಅರ್ಜಿಗೆ ರುಜು ಹಾಕಿದವರು ಮೂವರು. ಒಬ್ಬರು ಪೇಟೆಯ ಎಣ್ಣೆ ವ್ಯಾಪಾರಿ ಚೆಟ್ಟಿಯಾರರು. ಇನ್ನೊಬ್ಬರು ಆಲೂಗೆಡ್ಡೆ ಬೆಳೆದು ಕೊಟ್ಟ, ಈ ಬೆಟ್ಟದ ಬಡಗ ಜನದ ಗೌಡರು. ಮೂರನೆಯವರು ಗೂಡಲೂರಿನ ಅಕ್ಕಿ–ಮೆಣಸಿನ ವ್ಯಾಪಾರಿ. ಅವರು ನಮ್ಮ ಬೀಗರು. ನನ್ನ ಒಬ್ಬಳೇ ಮಗಳನ್ನು ಹಿಂದಿನ ವರ್ಷ ಅವರ ಮಗನಿಗೆ ಕೊಟ್ಟಿದ್ದೆವು.

ಅರ್ಜಿ ಹಾಕಿದ ಮೇಲೂ ಬೀಗರು ಗೌರಿ ಹಬ್ಬಕ್ಕೆ ನಮ್ಮ ಮನೆಗೆ ಬಂದರು, ಉಂಡರು, ಮೆಣಸಿನ ಧಾರಣೆಯ ವಿಚಾರ ಮಾತಾಡಿದರು, ಎಲೆ ಅಡಿಕೆ ಹಾಕಿಕೊಂಡು ಹೋದರು. ಅರ್ಜಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೋರ್ಟಿಗೆ ಅವರ ಪರವಾಗಿ ಅವರ ಗುಮಾಸ್ತೆ ಬರುತ್ತಿದ್ದ. ಅವನೂ ನಾನೂ ಒಬ್ಬರಿಗೊಬ್ಬರು ಬಹಳ ವಿನಯದಿಂದ ನಮಸ್ಕಾರ ಮಾಡುತ್ತಿದ್ದೆವು.

ಆ ಸಂಜೆ ಮನೆಗೆ ಬಂದಾಗ ಹೆಂಡತಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.

"ಏನಂದ್ರು?"

"ದಿವಾಳಿ ಅಂದ್ರು."

"ಮನೆ?"

ದಿವಾಳಿಯಾದವನ ಆಸ್ತಿಯೆಲ್ಲ ರಿಸೀವರು ಎಂಬ ಅಧಿಕಾರಿಯ ವಶಕ್ಕೆ ಹೋಗುತ್ತದೆ. ಅವರು ಅದನ್ನು ಹರಾಜು ಹಾಕಿ ಸಾಲ ಕೊಟ್ಟವರಿಗೆ ಹಂಚುತ್ತಾರೆ. ನನಗೆ ಇದ್ದ ಆಸ್ತಿ ಆ ಮನೆ. ಕೆಳಗೆ ಅಂಗಡಿ, ಪಕ್ಕದಲ್ಲಿ ಕಲ್ಲು ಮೆಟ್ಟಿಲು, ಮೇಲೆ ನಮ್ಮ ವಾಸ. ನಮ್ಮ ತಂದೆ ಕಟ್ಟಿಸಿದ್ದು. ಅದು ಹರಾಜಿಗೆ ಹೋಗುತ್ತದೆ ಎಂದು ಅವಳಿಗೆ ಹೇಳಿದೆ.

"ಮಗಳಿಗೆ ಈಗ ಆರು ತುಂಬ್ತಾ ಬಂತು," ಎಂದಳು. "ಚೊಚ್ಚಲ ಹೆರಿಗೆ. ಕರ್ಕೊಂಡ್ ಬರೋದು ಎಲ್ಲಿಗೆ?"

"ಅಪೀಲು ಇದೆ."

"ಹಂಗಂದ್ರೆ?"

"ಕೊಯಮತ್ತೂರಿನ ದೊಡ್ಡ ಕೋರ್ಟಿಗೆ ಹೋಗಿ, ಇಲ್ಲಿಯ ಕೋರ್ಟು ಹೇಳಿದ್ದು ತಪ್ಪು ಅಂತ ಹೇಳೋದು."

"ಯಾರು ಹೇಳೋದು?"

"ನಾನು."

ಅವಳು ನನ್ನನ್ನು ಒಂದು ಸಲ ನೋಡಿ ಸಾರಿಗೆ ಇಂಗು ಹಾಕಿದಳು.

ಅಪೀಲು ಒಂದು ವ್ರತ. ಸತ್ಯನಾರಾಯಣನಿಗಾದರೂ ಪ್ರಸಾದದಲ್ಲಿ ರವೆ ಸ್ವಲ್ಪ ಹೆಚ್ಚು ಕಡಿಮೆಯಾದರೆ ನಡೆದೀತು, ಅಪೀಲಿಗೆ ನಡೆಯದು. ಮೊದಲು ತೀರ್ಪಿನ ನಕಲು ಬೇಕು. ನಾವೇ ಬರೆದುಕೊಂಡ ನಕಲು ನಕಲಲ್ಲ. ಅದಕ್ಕೆ ಅರ್ಜಿ ಕೊಟ್ಟು, ಸ್ಟ್ಯಾಂಪು ಕಾಗದ ತಂದು ಒಪ್ಪಿಸಿ, ಕೋರ್ಟಿನ ನಕಲು ಬರೆಯುವವನು ಬರೆದು, ಇನ್ನೊಬ್ಬನು ಓದಿ ನೋಡಿ, ಮೂರನೆಯವನು ಮುದ್ರೆ ಒತ್ತಿದರೆ ಅದು ನಕಲು. ಅಪೀಲು ಹಾಕಲು ತೀರ್ಪಿನ ದಿನದಿಂದ ಒಂದು ತಿಂಗಳ ಗಡುವು. ಆದರೆ ನಕಲಿಗೆ ಹಿಡಿದ ದಿನಗಳನ್ನು ಗಡುವಿನಲ್ಲಿ ಎಣಿಸುವಂತಿಲ್ಲ. ಆ ದಿನಗಳು ಹುಟ್ಟಲೇ ಇಲ್ಲವೆಂದು ಭಾವಿಸಬೇಕು. ನನಗೆ ಅಪೀಲಿನಲ್ಲಿ ತುಂಬ ಹಿಡಿಸಿದ ಅಂಶ ಇದೇ. ಆ ಕೆಲವು ದಿನ ನಾನು ಬೆಳಿಗ್ಗೆ ಎದ್ದು, ಅಂಗಡಿಯ ಬಾಗಿಲಿಗೆ ಹಾಕಿದ ಬೀಗವನ್ನು ನೋಡಿ, ಕೋರ್ಟಿನ ಜಗಲಿಯಲ್ಲಿ ಕುಳಿತು, ಸಂಜೆ ಮನೆಗೆ ಬರುತ್ತಿದ್ದೆ. ಅವು ಲೆಕ್ಕಕ್ಕಿಲ್ಲದ ದಿನಗಳು ಎಂದು ಕಾನೂನು ಒಪ್ಪಿಕೊಂಡಿತ್ತು. ನನಗೂ ಹಾಗೆಯೇ ಅನ್ನಿಸುತ್ತಿತ್ತು.

ನಕಲು ಕೈಗೆ ಬಂದ ಮೇಲೆ ವಕೀಲರ ಮನೆಯಲ್ಲಿ ಅಪೀಲು ಬರೆಯಲು ಕುಳಿತೆವು. ವಕೀಲರ ಮನೆಮಾತು ತಮಿಳು. ಕನ್ನಡವನ್ನು ಬೈಯುವುದಕ್ಕೂ ಸಮಾಧಾನ ಮಾಡುವುದಕ್ಕೂ ಸಾಕಾಗುವಷ್ಟು ಬಲ್ಲವರು. ಕಾರಣಗಳನ್ನು ಚೆನ್ನಾಗಿ ಬರೆದರು. ನಾನು ಓಡಿಹೋಗಿರಲಿಲ್ಲ, ಕಲ್ಲಟ್ಟಿಯಲ್ಲಿ ಆಲೂಗೆಡ್ಡೆ ಕಾಯುತ್ತಿದ್ದೆ, ಅದಕ್ಕೆ ಗುಡಿಸಲಿನವನೇ ಸಾಕ್ಷಿ, ಆ ಸಾಕ್ಷಿಯನ್ನು ಕೆಳಗಿನ ಕೋರ್ಟು ಕೇಳಿಸಿಕೊಂಡರೂ ತೂಗಿ ನೋಡಲಿಲ್ಲ. ಓದಿ ಕೇಳಿದಾಗ ನನಗೇ ನನ್ನ ಮೇಲೆ ಗೌರವ ಬಂತು.

"ಇದು ನಿಲ್ಲುತ್ತೆ ಸ್ವಾಮಿ," ಎಂದರು ವಕೀಲರು. "ಬಲವಾದ ಅಪೀಲು. ಈಗ ಎದುರುದಾರರ ಹೆಸರು ಹೇಳಿ. ಒಬ್ಬೊಬ್ಬರಿಗೂ ಒಂದೊಂದು ಪ್ರತಿ, ಒಂದೊಂದು ನೋಟೀಸು. ಚೆಟ್ಟಿಯಾರ್ ಒಂದು. ಗೌಡರು ಎರಡು. ಮೂರು..."

"ಮೂರು ಬೇಡ," ಎಂದೆ.

ವಕೀಲರು ಲೇಖನಿಯನ್ನು ಮಸಿಕುಡಿಕೆಯ ಮೇಲೆಯೇ ನಿಲ್ಲಿಸಿದರು. "ಬೇಡ ಅನ್ನೋದಕ್ಕೆ ಇದೇನು ಎಲೆಗೆ ಬಡಿಸೋ ಪಲ್ಯವಾ? ಅರ್ಜಿ ಹಾಕಿದವರು ಮೂರು ಜನ. ಗೆದ್ದವರು ಮೂರು ಜನ. ಗೆದ್ದವರನ್ನೆಲ್ಲ ಎದುರಿಗೆ ನಿಲ್ಲಿಸದೆ ಅವರು ಗೆದ್ದದ್ದನ್ನ ಹೇಗೆ ಕಿತ್ತುಕೊಳ್ತೀರಿ?"

"ಅವರು ನಮ್ಮ ಬೀಗರು."

"ನಿಮ್ಮ ಮೇಲೆ ಅರ್ಜಿ ಹಾಕೋವಾಗ ಅವರು ಬೀಗರಾಗಿರಲಿಲ್ಲವಾ?"

"ಅದು ಅವರ ಮರ್ಯಾದೆಗೆ ಬಿಟ್ಟದ್ದು. ಇದು ನನ್ನದು."

"ಐಯೋ ಕಡವುಳೇ! ಬರೀ ಒಂದು ಕಾಗದ ಹೋಗುತ್ತೆ ಅವರ ಮನೆಗೆ, ಅಷ್ಟೇ."

ಬರೀ ಒಂದು ಕಾಗದ ಹೋಗುವುದೆಂದರೆ ಏನೆಂದು ನಾನು ಬಲ್ಲೆ. ನಮ್ಮ ಮನೆಗೆ ಅದು ಬಂದಾಗ ನಾನು ಕಲ್ಲಟ್ಟಿಯಲ್ಲಿದ್ದೆ. ಕೋರ್ಟಿನ ಅಮೀನನು ಬೀದಿಯಲ್ಲಿ ನಿಂತು ಅಕ್ಕಪಕ್ಕದವರನ್ನು ಸಾಕ್ಷಿಗೆ ಕೂಗಿ ಕರೆದು, ಗೋಂದು ಬಳಿದು, ತೋರಣದ ಕೆಳಗೆ ಸರಿಯಾಗಿ ನಡುವಿಗೆ ಕಾಗದ ಅಂಟಿಸಿ ಹೋಗಿದ್ದ. ಹೆಂಡತಿ ಅದನ್ನು ಕೀಳಲು ಹೆದರಿ, ಅದರ ಸುತ್ತಲೂ ಬಾಗಿಲು ಒರೆಸುತ್ತಿದ್ದಳು. ಅದೇ ಅಮೀನ ಗೂಡಲೂರಿಗೆ ಹೋಗಿ, ನನ್ನ ಮಗಳು ಸೊಸೆಯಾಗಿ ಓಡಾಡುವ ಹೊಸಿಲ ಮುಂದೆ ನಿಂತು, ಇಂಥವರು ನಿಮ್ಮ ಮೇಲೆ ಅಪೀಲು ಹಾಕಿದ್ದಾರೆ ಎಂದು ನನ್ನ ಹೆಸರು ಕೂಗುವುದು. ಮುಂದಿನ ತಿಂಗಳು ಅವಳಿಗೆ ಬಳೆ ತೊಡಿಸುವ ಶಾಸ್ತ್ರ. ಅತ್ತೆಯ ಕಡೆಯ ಹೆಂಗಸರೆಲ್ಲ ಸೇರಿರುತ್ತಾರೆ.

"ಹೆಣ್ಣಿನ ಮನೆಯಿಂದ ಗಂಡಿನ ಮನೆಗೆ ಹೋಗಬೇಕಾದ್ದು ಹೂವು, ಹಣ್ಣು, ಹೋಳಿಗೆ," ಎಂದೆ. "ಅಮೀನ ಅಲ್ಲ."

ವಕೀಲರು ಬಹಳ ಹೊತ್ತು ಹೇಳಿದರು. ಗಡುವು ಮುಗಿದ ಮೇಲೆ ಬಿಟ್ಟ ಹೆಸರನ್ನು ಸೇರಿಸುವುದು ಸುಲಭವಲ್ಲ ಎಂದರು. ನ್ಯಾಯಾಧೀಶರು ಒಪ್ಪುವಂಥ ಕಾರಣ ಬೇಕಾಗುತ್ತದೆ ಎಂದರು. ನಾನು ಎಲ್ಲದಕ್ಕೂ ತಲೆ ಆಡಿಸಿದೆ. ಕಡೆಗೆ ಎರಡೇ ಹೆಸರು ಬರೆದು, ಅಪೀಲಿಗೆ ನನ್ನ ರುಜು ಹಾಕಿಸಿದರಲ್ಲದೆ, ಮೂರನೆಯ ಹೆಸರನ್ನು ನನ್ನ ಮಾತಿನ ಮೇಲೆ ಬಿಟ್ಟದ್ದೆಂದು ಬೇರೆ ಒಂದು ಚೀಟಿಗೂ ರುಜು ಹಾಕಿಸಿಕೊಂಡರು. ಅವರದೂ ಮರ್ಯಾದೆಯ ಪ್ರಶ್ನೆ.

ಕೊಯಮತ್ತೂರಿಗೆ ಇಬ್ಬರೂ ಹೋದೆವು. ಕೂನೂರು ದಾಟಿ ರೈಲು ಮೆಟ್ಟುಪಾಳ್ಯಕ್ಕೆ ಇಳಿಯುವಷ್ಟರಲ್ಲಿ ನನ್ನ ಉಣ್ಣೆ ಕೋಟು ಮೈಮೇಲೆ ಕುಳಿತ ಶಿಕ್ಷೆಯಾಗಿತ್ತು. ಕೋರ್ಟಿನಲ್ಲಿ ಅಪೀಲು ತೆಗೆದುಕೊಳ್ಳುವ ಗುಮಾಸ್ತೆಯು ಗಡುವು ನೋಡಿದ, ಸ್ಟ್ಯಾಂಪು ನೋಡಿದ, ನಕಲಿನ ಮುದ್ರೆಯನ್ನು ಬೆಳಕಿಗೆ ಹಿಡಿದ, ಪ್ರತಿಗಳನ್ನು ಎಣಿಸಿದ. ಇಬ್ಬರು ಎದುರುದಾರರು, ಎರಡು ಪ್ರತಿ. ಸರಿಯಾಗಿತ್ತು. ಬಂದವರನ್ನು ಎಣಿಸುವುದು ಅವನ ಕೆಲಸ. ಬಾರದವರನ್ನು ಎಣಿಸುವುದು ಅವನ ಕೆಲಸವಲ್ಲ. ಅಪೀಲು ದಾಖಲಾಯಿತು. ತೀರ್ಮಾನವಾಗುವ ತನಕ ಹರಾಜು ನಿಲ್ಲಿಸಬೇಕೆಂದೂ ಅಪ್ಪಣೆಯಾಯಿತು. ಸ್ಟೇಷನ್ನಿನ ಹತ್ತಿರ ಇಡ್ಲಿ ತಿಂದೆವು. ಚೆನ್ನಾಗಿತ್ತು.

ಕೆಲವು ವಾರದ ಮೇಲೆ ಬಡಗ ಗೌಡರು ಬಿಳಿಯ ಶೀಲೆ ಹೊದ್ದುಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ನೋಟೀಸು. ನನಗೆ ಒಂದು ಕ್ಷಣ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ಎನಗ ಕಾಗದ ಬಂತು," ಎಂದರು. "ಸೀಲು ಹಾಕಿದ ಕಾಗದ. ಎಂಗ ಹಟ್ಟಿಲೆ ಆರ್ಗೂ ಬಂದದ್ದು ಇಲ್ಲೆ."

"ನಿಮಗೆ ಬೇಸರವಾಗಿದ್ದರೆ..."

"ಬೇಸರ ಏಕ? ಎಂಗ ಊರ ಕೂಟ ಹೇಳಿದ್ದು ಒಪ್ಪದವ ಸೀಮೆ ಕೂಟಕ್ಕ ಹೋಪ. ನೀ ಕೊಯಮತ್ತೂರಿಗ ಹೋದ. ಅದ ಬಿಡು. ಎನ್ನ ಗೋಣಿಚೀಲ ಎಲ್ಲಿ?"

"ಯಾವ ಚೀಲ?"

"ಗೆಡ್ಡೆ ಹೋತು, ಸರಿ. ಚೀಲವೂ ಹೋತಾ?"

ಚೀಲಗಳು ಕಲ್ಲಟ್ಟಿಯಿಂದ ಬಂದು ಹಿತ್ತಿಲಲ್ಲಿ ಒಣಗಿದ್ದವು. ಅವು ಕೂಡ ಈಗ ರಿಸೀವರ ಆಸ್ತಿಯೋ ಏನೋ, ಯಾರೂ ಕೇಳಿರಲಿಲ್ಲ. ಕಟ್ಟಿ ಕೊಟ್ಟೆ. ಗೌಡರು ನೋಟೀಸನ್ನು ಜೋಪಾನವಾಗಿ ಮಡಿಸಿ ಶೀಲೆಯ ಮಡಿಕೆಯಲ್ಲಿ ಇಟ್ಟುಕೊಂಡು, ಮಾರನೆಯ ದಿನ ಗೂಡಲೂರಿನ ಸಂತೆಗೆ ಹೋಗುತ್ತೇನೆಂದು ಹೇಳಿ ಇಳಿದು ಹೋದರು. ಆ ಮಾತಿನಲ್ಲಿ ಏನೂ ಇದೆಯೆಂದು ನನಗೆ ಆಗ ತೋರಲಿಲ್ಲ.

ವಿಚಾರಣೆಯ ದಿನ ಕೊಯಮತ್ತೂರಿನ ನ್ಯಾಯಾಧೀಶರು, ಬಿಳಿಯ ದೊರೆ, ಬಿಸಿಲಿಗೆ ಕೆಂಪಾಗಿ ಕುಳಿತಿದ್ದರು. ನಮ್ಮ ವಕೀಲರು ಕಲ್ಲಟ್ಟಿಯ ಗುಡಿಸಲಿನ ತನಕ ಬಂದಿದ್ದರು. ಅಷ್ಟರಲ್ಲಿ ಚೆಟ್ಟಿಯಾರರ ವಕೀಲರು ಎದ್ದು ಒಂದು ಮಾತು ಕೇಳಿದರು: ಅರ್ಜಿದಾರರು ಮೂವರಲ್ಲವೇ, ಮೂರನೆಯವರು ಎಲ್ಲಿ? ಕೇಳಿ ಕುಳಿತರು. ಆಮೇಲೆ ಗುಡಿಸಲಿನ ವಿಚಾರ ಯಾರಿಗೂ ಬೇಕಾಗಲಿಲ್ಲ. ಕರೆಯದ ಮೂರನೆಯವರ ಪಾಲಿಗೆ ಆ ತೀರ್ಪು ಗಟ್ಟಿಯಾಗಿ ನಿಂತುಬಿಟ್ಟಿದೆ. ಒಬ್ಬರ ಪಾಲಿಗೆ ದಿವಾಳಿ, ಇಬ್ಬರ ಪಾಲಿಗೆ ಸಾಹುಕಾರ ಎಂದು ಒಬ್ಬನೇ ಮನುಷ್ಯನು ಇರಲು ಬರುವುದಿಲ್ಲ ಎಂದು ದೊರೆ ಹೇಳಿದರಂತೆ. ನ್ಯಾಯವೇ. ನಮ್ಮ ವಕೀಲರು, ತಡವನ್ನು ಮನ್ನಿಸಿ ಈಗಲಾದರೂ ಹೆಸರು ಸೇರಿಸಲು ಅಪ್ಪಣೆಯಾಗಬೇಕೆಂದು ಬೇಡಿಕೊಂಡರು. ಬಿಟ್ಟದ್ದಕ್ಕೆ ಕಾರಣವೇನೆಂದು ದೊರೆ ಕೇಳಿದರು. ವಕೀಲರು ಹಿಂದೆ ತಿರುಗಿ ನನ್ನನ್ನು ನೋಡಿದರು.

"ಇದ್ದದ್ದನ್ನೇ ಹೇಳಿ," ಎಂದೆ.

ಅವರು ಹೇಳಿದರು. ದೊರೆ ಎರಡು ಸಲ ಕೇಳಿ ಬರೆದುಕೊಂಡರು. ಅಪೀಲುದಾರನ ಮಗಳು ಎದುರುದಾರನ ಮಗನನ್ನು ಮದುವೆಯಾಗಿರುವುದು ಗಡುವಿನ ಕಾಯಿದೆಯಲ್ಲಿ ಹೇಳಿದ ಸಾಕಷ್ಟು ಕಾರಣವಾಗುವುದಿಲ್ಲ ಎಂದು ತೀರ್ಪಿನಲ್ಲಿ ಸೇರಿತು. ಅಪೀಲು ವಜಾ.

ಹೊರಗೆ ಬೇವಿನ ಮರದ ಕೆಳಗೆ ವಕೀಲರು ಬೆವರು ಒರೆಸಿಕೊಂಡು, "ಮದ್ರಾಸಿನ ಹೈಕೋರ್ಟು ಒಂದಿದೆ," ಎಂದರು.

"ಅಲ್ಲಿಯೂ ಬೀಗರನ್ನು ಕರೆಯಬೇಕಾ?"

"ಕರೆಯಲೇಬೇಕು."

"ಹಾಗಾದರೆ ಬೇಡ."

ರೈಲು ಮೇಲೆ ಹತ್ತಿದ ಹಾಗೆ ಉಣ್ಣೆ ಕೋಟು ಮತ್ತೆ ಉಪಯೋಗಕ್ಕೆ ಬಂತು.

ಮನೆ ಹರಾಜಾಯಿತು. ಹೊಲಿಗೆ ಯಂತ್ರ ಮಾರುವವರೊಬ್ಬರು ಹಿಡಿದರು. ನಾವು ಅದೇ ಬೀದಿಯ ಇಳಿಜಾರಿನ ಕೊನೆಯಲ್ಲಿ, ಒಂದು ಕುದುರೆ ಲಾಯದ ಪಕ್ಕದಲ್ಲಿ ಒಂದೇ ಕೋಣೆಯ ಬಾಡಿಗೆ ಬಿಡಾರಕ್ಕೆ ಬಂದೆವು. ಸಾಮಾನು ಇಳಿಸುವಾಗ ಹೆಂಡತಿ ಬಾಣಂತಿ ಕೋಣೆಗೆಂದು ತೆಗೆದಿಟ್ಟಿದ್ದ ಹಳೆಯ ಸೀರೆಗಳ ಗಂಟನ್ನು ಎಲ್ಲಿಡುವುದೆಂದು ಕೇಳಿದಳು. ಎಲ್ಲಾದರೂ ಇಡು ಎಂದೆ. ಅವಳು ಅದರ ಮೇಲೆಯೇ ಕುಳಿತಳು.

ಬೀಗರು ಬಂದದ್ದು ಆ ವಾರ. ಕುದುರೆ ಲಾಯದವರನ್ನು ದಾರಿ ಕೇಳಿಕೊಂಡು, ಬಾಗಿಲಲ್ಲಿ ಬಗ್ಗಿ ಒಳಗೆ ಬಂದು, ಟ್ರಂಕಿನ ಮೇಲೆ ಕುಳಿತರು. ನೀರು ಕೊಟ್ಟರೆ ಮುಟ್ಟಲಿಲ್ಲ.

"ಅಲ್ಲ ಬೀಗರೇ, ನಾನು ನಿಮಗೇನು ಅನ್ಯಾಯ ಮಾಡಿದ್ದೆ?"

ಅರ್ಜಿಯ ಮಾತು ಕಡೆಗೂ ಬಂತು ಎಂದುಕೊಂಡೆ. "ಏನೂ ಇಲ್ಲ," ಎಂದೆ.

"ಮತ್ತೆ ನನ್ನನ್ನ ಯಾಕೆ ಬಿಟ್ರಿ? ಆ ಗೌಡ ನಡು ಸಂತೇಲಿ ಕಾಗದ ಬಿಚ್ಚಿ ತೋರಿಸ್ತಾನೆ. 'ಎನಗ ಬಂತು, ಚೆಟ್ಟಿಯಾರ್ಗ ಬಂತು, ನಿನಗ ಬರಲಿಲ್ಲೆಯಾ?' ಅಂತಾನೆ. ಸುತ್ತ ಹತ್ತು ಜನ. ನಾನೇನು ಹೇಳಲಿ? ನಾಳೆ ಬರುತ್ತೆ ಅಂದೆ. ನಾಳೆನೂ ಬರಲಿಲ್ಲ, ನಾಳಿದ್ದೂ ಬರಲಿಲ್ಲ. ಎಣ್ಣೆಯವನಿಗೆ ಕಳಿಸ್ತೀರಿ, ಗೆಡ್ಡೆಯವನಿಗೆ ಕಳಿಸ್ತೀರಿ. ಹೆಣ್ಣು ತಂದ ಬೀಗ ನಾನು, ನನಗಿಲ್ಲ!"

"ನಿಮ್ಮ ಬಾಗಿಲಿಗೆ ಅಮೀನನನ್ನ ಕಳಿಸೋದು ಹೇಗೆ ಅಂತ..."

"ಕಳಿಸಿದ್ರೆ ಬಂದು ನಿಂತು ನಂದೇನೂ ತಕರಾರಿಲ್ಲ ಅಂತ ಹೇಳ್ತಿದ್ದೆ. ಅಷ್ಟು ಹೇಳೋಕೆ ನನಗೆ ಬಾಯಿ ಇರಲಿಲ್ಲವಾ?"

"ಅರ್ಜಿಗೆ ರುಜು ಹಾಕಿದ್ದಿರಲ್ಲ," ಎಂದಳು ಒಳಗಿನಿಂದ, ಅಂದರೆ ಕೋಣೆಯ ಇನ್ನೊಂದು ಮೂಲೆಯಿಂದ, ನನ್ನ ಹೆಂಡತಿ. ಅವಳು ಬೀಗರ ಎದುರು ಹೆಚ್ಚು ಮಾತಾಡಿದವಳಲ್ಲ.

ಬೀಗರು ಪೇಟ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. "ಹಾಕದಿದ್ರೆ ಜನ ಏನಂತಿದ್ರು ತಾಯಿ? ಬೀಗರಿಬ್ಬರೂ ಒಳಗೊಳಗೇ ಒಂದಾಗವ್ರೆ, ನನಗೊಬ್ಬನಿಗೆ ಗುಟ್ಟಾಗಿ ಸಂದಾಯವಾಗಿದೆ ಅಂತಿದ್ರು. ಇವರ ಹೆಸರು ಕೆಡಬಾರದು ಅಂತ ಹಾಕ್ದೆ."

ಪಕ್ಕದ ಲಾಯದಲ್ಲಿ ಕುದುರೆಯೊಂದು ಹಲಗೆಗೆ ಒದೆಯುತ್ತಿತ್ತು. ಬೀಗರು ಕೋಣೆಯನ್ನು ಒಮ್ಮೆ ಸುತ್ತ ನೋಡಿ, ಗೋಡೆಯ ತೇವವನ್ನು ಬೆರಳಿನಿಂದ ಮುಟ್ಟಿ, "ಹೆರಿಗೆ ಗೂಡಲೂರಲ್ಲೇ ಆಗಲಿ," ಎಂದರು. ನಾನು ಆಗಲಿ ಎಂದೆ. ಹೆಂಡತಿ ಎದ್ದು ತಾನು ಕುಳಿತಿದ್ದ ಸೀರೆಯ ಗಂಟನ್ನು ತಂದು ಅವರ ಕೈಗೆ ಕೊಟ್ಟಳು. ಅವರು ನೀರು ಕುಡಿದು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಹೆಣ್ಣು ಮಗು. ಹೆಂಡತಿ ಬಾಣಂತನಕ್ಕೆ ಬೀಗರ ಮನೆಗೇ ಹೋಗಿ, ಬೇರೆಯವರ ಒಲೆಯಲ್ಲಿ ಮಗಳಿಗೆ ನೀರು ಕಾಯಿಸಿ ಬಂದಳು. ಹೇಗಿತ್ತು ಎಂದು ಕೇಳಿದೆ. ಚೆನ್ನಾಗಿ ನೋಡಿಕೊಂಡರು ಎಂದಳು. ಮಗುವಿಗೆ ನನ್ನ ಮೂಗಂತೆ.

ದಿವಾಳಿಯವನಿಗೂ ಬಿಡುಗಡೆಯೆಂಬುದು ಉಂಟು. ಇಟ್ಟ ಗಡುವಿನೊಳಗೆ ಕೋರ್ಟಿಗೆ ಅರ್ಜಿ ಕೊಡಬೇಕು; ಸಾಲ ಕೊಟ್ಟವರಿಗೆಲ್ಲ ನೋಟೀಸು ಹೋಗಬೇಕು; ಯಾರ ತಕರಾರೂ ನಿಲ್ಲದಿದ್ದರೆ ನೀನು ಇನ್ನು ದಿವಾಳಿಯಲ್ಲ ಎಂದು ಸಾರುತ್ತಾರೆ. ಹೋದ ಮನೆ ಬರುವುದಿಲ್ಲ, ಹೆಸರು ಬರುತ್ತದೆ. ಅರ್ಜಿ ಬರೆಯುವಾಗ ವಕೀಲರು ನನ್ನ ಮುಖ ನೋಡಿದರು. "ಬೀಗರ ಹೆಸರು ಮೊದಲು ಬರೆಯಿರಿ," ಎಂದೆ.

ಅಮೀನನು ಗೂಡಲೂರಿಗೆ ಹೋಗಿ ಬಂದ ಕಥೆಯನ್ನು ಅವನೇ ಕೋರ್ಟಿನ ಜಗಲಿಯಲ್ಲಿ ಹೇಳಿದ. ಬೀಗರು ಅವನನ್ನು ಒಳಗೆ ಕರೆದು ಮಣೆ ಹಾಕಿ ಕೂರಿಸಿದರಂತೆ. ಕಾಫಿ ಕೊಟ್ಟರಂತೆ. ಕಾಗದವನ್ನು ತಟ್ಟೆಯಲ್ಲಿ ತೆಗೆದುಕೊಂಡು ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆಸಿ, ಅವನ ಬಾಯಿಂದ ಮೊದಲಿನಿಂದ ಕೊನೆಯವರೆಗೆ ಓದಿಸಿದರಂತೆ. "ಇಷ್ಟು ವರ್ಷದ ಸರ್ವೀಸಿನಲ್ಲಿ ನನಗೆ ಬಾಳೆಹಣ್ಣು ಕೊಟ್ಟು ಕಳಿಸಿದ ಮನೆ ಇದೊಂದೇ," ಎಂದ.

ಬಿಡುಗಡೆಯ ದಿನ ಬೀಗರು ಜರಿಪೇಟ ಸುತ್ತಿ ಬಂದಿದ್ದರು. ತಕರಾರು ಉಂಟೇ ಎಂದು ಕೇಳಿದಾಗ ಚೆಟ್ಟಿಯಾರರ ವಕೀಲರು ಇಲ್ಲವೆಂದು ಕೈ ಆಡಿಸಿದರು. ಗೌಡರು ತಮಗೆ ಚೀಲ ಸಂದಾಯವಾಗಿದೆ ಎಂದರು. ಬೀಗರು ಮಾತ್ರ ಮುಂದೆ ಬಂದು, ಗಂಟಲು ಸರಿ ಮಾಡಿಕೊಂಡು, ನಮ್ಮ ಮನೆತನದ ವಿಚಾರವನ್ನು ನಮ್ಮ ತಾತನಿಂದ ಆರಂಭಿಸಿದರು. ಅಷ್ಟು ಸಾಕೆಂದು ಕೋರ್ಟು ಹೇಳಬೇಕಾಯಿತು. ನಾನು ದಿವಾಳಿಯಲ್ಲದವನಾದೆ. ಆಗಲೂ ಮೈಗೆ ಏನೂ ತಿಳಿಯಲಿಲ್ಲ. ಈ ಸಲ ಕೊಡೆ ಕೈಯಲ್ಲೇ ಇತ್ತು.

ಹೊರಗೆ ಮಗಳು ಮಗುವನ್ನು ಎತ್ತಿಕೊಂಡು ನನ್ನ ಹೆಂಡತಿಯ ಜೊತೆ ಕಾಯುತ್ತಿದ್ದಳು. ಮೊಮ್ಮಗಳನ್ನು ತಾತನ ಮನೆಗೆ ಮೊದಲ ಸಲ ತಂದಿದ್ದರು. ಬೀಗರು ಹಣ್ಣಿನ ಬುಟ್ಟಿಯನ್ನು ತಾವೇ ಹಿಡಿದು ಎಲ್ಲರಿಗಿಂತ ಮುಂದೆ ನಡೆದರು. ಕೋರ್ಟಿನಲ್ಲಿ ನಿಲ್ಲಿಸಿದ ಮಾತನ್ನು ಬೀದಿಯಲ್ಲಿ ಮುಂದುವರಿಸುತ್ತಾ ಪೇಟೆ ದಾಟಿ, ಇಳಿಜಾರಿಗೆ ಬಂದು, ಕಲ್ಲು ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಹತ್ತತೊಡಗಿದರು. ಮಗಳು ಕೆಳಗೇ ನಿಂತಳು. ಕಿಟಕಿಗಳಿಗೆ ಹಸಿರು ಬಣ್ಣ ಬಳಿದಿತ್ತು. ಒಳಗೆ ಹೊಲಿಗೆ ಯಂತ್ರ ಓಡುತ್ತಿದ್ದದ್ದು ನಿಂತು, ಯಾರೋ ಹೆಂಗಸು ಬಾಗಿಲಿಗೆ ಬಂದು ಬೀಗರನ್ನೂ ಬುಟ್ಟಿಯನ್ನೂ ನೋಡಿದಳು.

"ಅಲ್ಲಿ ಅಲ್ಲ ಬೀಗರೇ," ಎಂದಳು ನನ್ನ ಹೆಂಡತಿ. "ಕೆಳಗೆ."

ಬೀಗರು ಮೆಟ್ಟಿಲಿನ ನಡುವೆ ನಿಂತು ಒಮ್ಮೆ ಮೇಲೆ ನೋಡಿದರು, ಒಮ್ಮೆ ನಮ್ಮನ್ನು ನೋಡಿದರು. ಆಮೇಲೆ ಇಳಿದು ಬಂದು ಚಪ್ಪಲಿ ಹುಡುಕಿ ಮೆಟ್ಟಿಕೊಂಡರು. ಮಗು ನಿದ್ದೆಯಲ್ಲಿತ್ತು. ನಾನು ಕೊಡೆ ಬಿಚ್ಚಿ ಅದರ ಮೇಲೆ ಹಿಡಿದೆ. ಬೀಗರು ಬುಟ್ಟಿ ಹಿಡಿದು ನಮ್ಮ ಹಿಂದೆ ಲಾಯದ ಕಡೆಗೆ ಇಳಿದರು.